ಇವರ ಕೈ ಹೋಗದ ಜಾಗ

೨೦೨೫ ಜನವರಿ ೧೯, ಭಾನುವಾರ

ಡಾಕ್ಟರಿಗೆ ತೋರಿಸುವ ಪುಸ್ತಕ ಬೇರೆ ಇದೆ. ಅದರಲ್ಲಿ ಇವರ ಮಾತ್ರೆ, ನಿದ್ದೆ, ಊಟ ಎಲ್ಲವನ್ನೂ ಗಂಟೆ ಸಮೇತ ಬರೆಯುತ್ತೇನೆ. ಇದು ನನಗೆ. ರವಿಕೆ ಅಳತೆ ಬರೆಯುವ ಹಳೇ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಇದ್ದವು.

ಇವತ್ತು ಶಿಲ್ಪಾ ಚಿಕ್ಕಮಗಳೂರಿಂದ ಬಂದು ಹೋದಳು. ಅವಳು ಟೀಚರು, ಸೋಮವಾರ ಶಾಲೆ ಇರುತ್ತದೆ, ಉಳಿಯುವ ಹಾಗಿಲ್ಲ. ಹೊರಡುವಾಗ ಅಂಗಳದಲ್ಲಿ ನಿಂತು ಅಪ್ಪನಿಗೆ ಕೇಳಿಸದ ಹಾಗೆ ಹೇಳಿದಳು, "ಅಮ್ಮಾ, ಜೀಪಿನ ಕೀ ಬಚ್ಚಿಡು. ಡಾಕ್ಟ್ರು ಎರಡು ಸಲ ಹೇಳಿದ್ರಲ್ಲ, ಅಪ್ಪ ಇನ್ನು ಗಾಡಿ ಓಡಿಸೋ ಹಾಗಿಲ್ಲ ಅಂತ."

ಹೋದ ಭಾನುವಾರ ಹೊರನಾಡಿನಿಂದ ಬರುವಾಗ ಇವರು ಮೋರಿಯ ಅಂಚುಗಲ್ಲಿಗೆ ಜೀಪು ಹತ್ತಿಸಿದರು. ಕಾಫಿ ಕೊಯ್ಲು ಮುಗಿಸಿ ಮನೆಗೆ ಹೊರಟಿದ್ದ ಏಳು ಜನ ಹೆಂಗಸರು ಆ ಕಲ್ಲಿನ ಆಚೆಗೇ ನಿಂತಿದ್ದರು. ಗೇಣು ದೂರದಲ್ಲಿ ತಪ್ಪಿತು. ಇವರು ಇಳಿದು ಅವರನ್ನೇ ಕೇಳಿದರಂತೆ, "ಇಲ್ಲಿ ಮೋರಿ ಯಾವಾಗ ಕಟ್ಟಿದ್ರು?"

ಬಚ್ಚಿಡು ಅನ್ನುವುದು ಸುಲಭ. ಎಲ್ಲಿ ಬಚ್ಚಿಡಲಿ? ಈ ಮನೆಯ ಮಂಚ, ಬೀರು, ಮೇಜು, ದೇವರ ಮಂಟಪ, ಕೂರುವ ಮಣೆ ಎಲ್ಲ ಇವರ ಕೈಯಲ್ಲೇ ಆದದ್ದು. ಒಂದೊಂದರಲ್ಲೂ ಹೊರಗೆ ಕಾಣದ ಒಂದು ಕಳ್ಳಖಾನೆ ಇದೆ. ಕುದುರೆಮುಖದ ಕಂಪನಿಯ ಬಡಗಿ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಇದ್ದರು. ಗಣಿ ಮುಚ್ಚಿದ ಮೇಲೆ ಇಲ್ಲಿ ಕಳಸದಲ್ಲಿ ಸ್ವಂತ ಶೆಡ್ಡು ಹಾಕಿದರು. ಮೂಡಿಗೆರೆ, ವಸ್ತಾರೆ ಕಡೆಯ ತೋಟದ ಮನೆಯವರೆಲ್ಲ ಹುಡುಕಿಕೊಂಡು ಬರುತ್ತಿದ್ದರು. "ಹಾಲೇಶಪ್ಪನವರು ಮಾಡಿದ ಬೀರು, ಒಳಗೆ ಏನಿದೆ ಅಂತ ಮರಕ್ಕೂ ಗೊತ್ತಾಗಲ್ಲ" ಅನ್ನುತ್ತಿದ್ದರು. ಹೊಗಳಿದವರು ಈಗ ಬಂದು ನನಗೊಂದು ಜಾಗ ತೋರಿಸಲಿ.

ಬೀರಿನ ಅಡಿಪಟ್ಟಿಯ ಖಾನೆಯಲ್ಲಿ ಇಟ್ಟೆ. ಸಂಜೆ ಕಾಫಿ ಹೊತ್ತಿಗೆ ಕೀ ಲೋಟದ ಪಕ್ಕದಲ್ಲಿತ್ತು. "ಯಾರೋ ತಗೊಂಡೋಗಿ ಬೀರಿನ ಕೆಳಗೆ ಇಟ್ಟಿದ್ರು ಮಾರಾಯ್ತಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಜನವರಿ ೨೨

ಸೋಮವಾರ ಮಂಚದ ಖಾನೆ. ಅರ್ಧ ಗಂಟೆ. ನಿನ್ನೆ ಊಟದ ಮೇಜಿನ ಅಂಚಿನ ಹಿಂದೆ. ಹತ್ತು ನಿಮಿಷ. ಕೀ ಸಿಕ್ಕಿದ ಕೂಡಲೇ ಜೀಪು ಹತ್ತುತ್ತಾರೆ. ನಾನು ಓಡಿ ಹೋಗಿ ಗೇಟಿಗೆ ಅಡ್ಡ ನಿಲ್ಲಬೇಕು.

ಇವತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಬಟ್ಟೆ ಹರವುತ್ತಿದ್ದಾಗ ಹಿಂದಿನಿಂದ ಬಂದು ಗಂಟು ಬಿಚ್ಚಿಕೊಂಡು ಹೋದರು. ಬೆಳಗ್ಗೆ ಏನು ತಿಂದಿರಿ ಅಂದರೆ ಗೊತ್ತಿಲ್ಲ. ನಾನು ಸೆರಗಿಗೆ ಗಂಟು ಹಾಕುವವಳು ಅನ್ನುವುದು ಗೊತ್ತಿದೆ.

ಜನವರಿ ೨೯

ಪಕ್ಕದ ಮನೆಯ ಧರ್ಮೇಶನಿಗೆ ಪಿಕಪ್ ಗಾಡಿ ಇದೆ, ಆಸ್ಪತ್ರೆಗೆ ಹೋಗುವಾಗ ನಮ್ಮ ಜೀಪನ್ನೂ ಅವನೇ ಓಡಿಸುವುದು. ಐದು ದಿನ ಕೀ ಅವನ ಹತ್ತಿರ ಇಟ್ಟೆ. ಇವತ್ತು ಇವರು ಅವನ ಮನೆ ಬಾಗಿಲಲ್ಲಿ ನಿಂತು "ಕಳ್ಳ" ಎಂದು ಕೂಗಿದರು. ಅವನ ತಾಯಿ ದೇವೀರಮ್ಮನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಧರ್ಮೇಶ ಕೀ ಹಿಂದಕ್ಕೆ ಕೊಟ್ಟ. "ಅಕ್ಕ, ಬೇಜಾರಿಲ್ಲ. ಆದ್ರೆ ನಮ್ಮನೇಲಿ ಬೇಡ. ಜೀಪು ಮಾರಿಬಿಡಿ" ಎಂದ. ಮಾರಿದರೆ ಚಿಕ್ಕಮಗಳೂರಿಗೆ ಹೇಗೆ ಹೋಗುವುದು? ಅವನ ಪಿಕಪ್ಪು ಹೆಚ್ಚಿನ ದಿನ ಬಾಡಿಗೆಗೆ ಹೋಗಿರುತ್ತದೆ. ಬಸ್ಸಿನಲ್ಲಿ ಕರೆದುಕೊಂಡು ಹೋದರೆ ಇವರು ಕಂಡ ಕಂಡ ಸ್ಟಾಪಿನಲ್ಲಿ ಇಳಿಯುತ್ತಾರೆ.

ಫೆಬ್ರವರಿ ೪, ಮಂಗಳವಾರ

ಇವರು ಮಲಗಿದ್ದಾರೆ. ಈಗ ಬರೆಯುತ್ತೇನೆ.

ಬೆಳಗ್ಗೆ ಎಂಟೂವರೆಗೆ ನಾನು ಸ್ನಾನಕ್ಕೆ ಹೋಗಿದ್ದೆ. ಜೀಪಿನ ಸದ್ದು ಕೇಳಿ ಒದ್ದೆ ತಲೆಯಲ್ಲೇ ಓಡಿ ಬಂದೆ. ಗೇಟು ತೆರೆದಿತ್ತು. ದೇವರ ಮಂಟಪದ ಕೆಳಗಿನ ಖಾನೆಯೂ ತೆರೆದಿತ್ತು.

ಧರ್ಮೇಶ ಪಿಕಪ್ ತೆಗೆದ. ಮೊದಲು ಹೊರನಾಡು ರಸ್ತೆಗೆ ಹೋದೆವು. ಮೋರಿಯ ಹತ್ತಿರ ನಾನು ಕಣ್ಣು ಮುಚ್ಚಿಕೊಂಡೆ. ಅಲ್ಲಿ ಏನೂ ಇರಲಿಲ್ಲ. ತಿರುಗಿ ಬಂದು ಸಂಸೆ ಕಡೆ ಹೋದೆವು. ಚಹಾ ಅಂಗಡಿಯವನು "ಹಾಲೇಶಣ್ಣನ ಜೀಪಾ? ಆಗ್ಲೇ ಮೇಲೆ ಹೋಯ್ತಲ್ಲ. ಹಾರ್ನ್ ಹೊಡ್ಕೊಂಡೇ ಹೋದ್ರು" ಎಂದ. ಆಗ ನನಗೆ ಗೊತ್ತಾಯಿತು. ಕುದುರೆಮುಖ.

ಆ ತಿರುವುಗಳನ್ನು ಇವರು ಹೇಗೆ ದಾಟಿದರೋ. ಒಂದೊಂದು ತಿರುವಿನಲ್ಲೂ ನಾನು ಕೆಳಗೆ ಬಗ್ಗಿ ನೋಡಿದೆ.

ಹಳೆಯ ಬಡಗಿ ಶೆಡ್ಡಿನ ಎದುರು ಜೀಪು ನಿಂತಿತ್ತು. ನೆಟ್ಟಗೆ, ಗೆರೆ ಎಳೆದ ಹಾಗೆ ನಿಲ್ಲಿಸಿ, ಕೈಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಒಂದು ಕಲ್ಲನ್ನೂ ಕೊಟ್ಟಿದ್ದರು. ಶೆಡ್ಡಿನ ತಗಡಿನ ಬಾಗಿಲಿಗೆ ಬಳ್ಳಿ ಹಬ್ಬಿದೆ. ಇವರು ಮೆಟ್ಟಿಲ ಮೇಲೆ ಕೂತಿದ್ದರು. ತಲೆ ಬಾಚಿಕೊಂಡಿದ್ದರು.

ನಾನು ಕೂಗಾಡಬೇಕು ಅಂತಲೇ ಹೋಗಿದ್ದೆ.

"ಸೈರನ್ ಆಗ್ಲಿಲ್ಲ ಇನ್ನೂ" ಎಂದರು. "ಇವತ್ತು ಎಂತಕೋ ತಡ."

ನಾನು ಪಕ್ಕದಲ್ಲಿ ಕೂತೆ. ಧರ್ಮೇಶ ದೂರ ನಿಂತು ಬೀಡಿ ಹಚ್ಚಿದ. ಮೊದಲೆಲ್ಲ ಆ ಹೊತ್ತಿಗೆ ಕಂಪನಿ ಬಸ್ಸುಗಳು ಸಾಲಾಗಿ ಬರುತ್ತಿದ್ದವು, ಡಬ್ಬಿ ಹಿಡಿದ ಗಂಡಸರು ಇಳಿಯುತ್ತಿದ್ದರು, ಸ್ಕೂಲಿನ ಮಕ್ಕಳು ನಾನು ಹೊಲಿದ ನೀಲಿ ಲಂಗ ಹಾಕಿಕೊಂಡು ಹೋಗುತ್ತಿದ್ದರು. ಈಗ ಒಂದು ನಾಯಿಯೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೇ "ಇವತ್ತು ರಜೆ ಇರ್ಬೇಕು, ಮನೆಗೆ ಹೋಗುವ" ಎಂದೆ. ಅವರು ಎದ್ದರು. ಧರ್ಮೇಶ ನಮ್ಮ ಜೀಪು ಓಡಿಸಿದ, ಪಿಕಪ್ಪನ್ನು ಆಮೇಲೆ ಬಸ್ಸಿನಲ್ಲಿ ಹೋಗಿ ತಂದ.

ನಮ್ಮ ಕ್ವಾರ್ಟರ್ಸಿನ ಮುಂದೆ ಹಾದು ಬಂದೆವು. ಕಿಟಕಿಯ ಚೌಕಟ್ಟೂ ಇಲ್ಲ. ಮೊದಲ ಕಳ್ಳಖಾನೆ ಆದದ್ದು ಅಲ್ಲೇ, ಮದುವೆಯಾದ ವರ್ಷ. ನಾನು ವಾರಪತ್ರಿಕೆಯ ಧಾರಾವಾಹಿ ಓದುವುದು ಅತ್ತೆ ಕಲ್ಲಮ್ಮನವರಿಗೆ ಆಗುತ್ತಿರಲಿಲ್ಲ. ಒಲೆಗೆ ಹಾಕುತ್ತಿದ್ದರು. ಇವರು ಅಮ್ಮನಿಗೂ ಏನೂ ಅನ್ನಲಿಲ್ಲ, ನನಗೂ ಏನೂ ಅನ್ನಲಿಲ್ಲ. ಒಂದು ಮಂಚ ಮಾಡಿದರು. ಅಮ್ಮನಿಗೆ ಅಂತಲೇ ಮಾಡಿದರು. ಎರಡು ವರ್ಷ ಅತ್ತೆ ನನ್ನ ಪತ್ರಿಕೆಗಳ ಮೇಲೆಯೇ ಮಲಗಿ ನಿದ್ದೆ ಮಾಡಿದರು.

ದಾರಿಯಲ್ಲಿ ಆ ಮಂಚದ ಮಾತು ತೆಗೆದೆ. ಇವರಿಗೆ ಮಂಚ ನೆನಪಿದೆ. ಯಾರಿಗಾಗಿ ಮಾಡಿದ್ದು ಅನ್ನುವುದು ನೆನಪಿಲ್ಲ.

ಫೆಬ್ರವರಿ ೧೦

ಇವತ್ತು ಇವರ ಶೆಡ್ಡಿಗೆ ಹೋದೆ. ಇಷ್ಟು ವರ್ಷದಲ್ಲಿ ಹೊಸಿಲು ದಾಟಿದ್ದು ಇದೇ ಮೊದಲು. ಇವರು ಮಾಡಿದ ಖಾನೆ ಯಾವುದೂ ಇವರಿಂದ ಅಡಗುವುದಿಲ್ಲ ಅಂದ ಮೇಲೆ ನಾನೇ ಒಂದು ಮಾಡಬೇಕು. ಬಟ್ಟೆ ಕತ್ತರಿಸುವವಳಿಗೆ ಹಲಗೆ ಕತ್ತರಿಸಲು ಬಾರದೆ?

ಬರಲಿಲ್ಲ. ಗರಗಸ ಕಚ್ಚಿಕೊಂಡಿತು. ಹಲಗೆ ಸೀಳಿತು. ಎಡಗೈ ಹೆಬ್ಬೆರಳು ಕೊಯ್ದುಕೊಂಡೆ.

ಫೆಬ್ರವರಿ ೧೩

ಮತ್ತೆ ಹೋದೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ.

"ಅದು ಹಾಗಲ್ಲ ಮಾರಾಯ್ತಿ. ಗರಗಸಕ್ಕೆ ನೀನು ಬಲ ಹಾಕ್ಬಾರ್ದು. ಅದೇ ಹೋಗ್ತದೆ, ನೀನು ಜೊತೆಗೆ ಹೋಗು" ಎಂದರು. ಹಿಂದೆ ಬಂದು ನನ್ನ ಮೊಣಕೈ ಹಿಡಿದು ಮೈಗೆ ಒತ್ತಿದರು. ಗೆರೆಯ ಮೇಲೆ ಗರಗಸ ಬೆಣ್ಣೆಯ ಹಾಗೆ ಇಳಿಯಿತು. ಶಿಲ್ಪಾಳ ಹೆಸರು ಮರೆಯುವವರ ಕೈ ಇದು ಅಂದರೆ ಯಾರೂ ನಂಬುವುದಿಲ್ಲ.

"ಎಂತ ಮಾಡ್ತಿದ್ದೀ?"

"ಒಂದು ಕಳ್ಳಖಾನೆ."

"ಯಾರಿಂದ ಬಚ್ಚಿಡೋಕೆ?"

"ಬರೋರು ಹೋಗೋರಿಂದ" ಎಂದೆ.

"ಹಾಗಂದ್ರೆ ಆಗಲ್ಲ. ಒಬ್ರ ಹೆಸ್ರು ಹೇಳ್ಬೇಕು. ಆ ಒಬ್ರ ಕೈ ಎಲ್ಲಿಗೆ ಹೋಗ್ತದೆ, ಎಲ್ಲಿಗೆ ಹೋಗಲ್ಲ, ಅದನ್ನ ಮೊದ್ಲು ನೋಡ್ಬೇಕು. ಅಮ್ಮಂಗೆ ಮಂಡಿ ನೋವು, ಬಗ್ಗಲ್ಲ. ಅದಕ್ಕೆ ಮಂಚದ ಅಡಿಗೆ ಇಟ್ಟೆ. ಮರದ ಕೆಲಸ ಆಮೇಲಿಂದು."

ನಾನು ತಲೆ ತಗ್ಗಿಸಿ ಹಲಗೆ ಉಜ್ಜಿದೆ.

ಫೆಬ್ರವರಿ ೧೯

ಒಂದು ವಾರದಿಂದ ಇವರ ಕೈಯನ್ನೇ ನೋಡುತ್ತಿದ್ದೇನೆ. ಹೊಸದಾಗಿ ಮದುವೆಯಾದಾಗ ನೋಡಿದ ಮೇಲೆ ಇಷ್ಟು ನೋಡಿರಲಿಲ್ಲ.

ಕೋಣೆಯಿಂದ ಕೋಣೆಗೆ ಹೋಗುವಾಗ ಬಾಗಿಲಿನ ಚೌಕಟ್ಟನ್ನು ಎಡಗೈಯಲ್ಲಿ ಸವರುತ್ತಾರೆ. ಮೇಜಿನ ಅಂಚನ್ನು ಹೆಬ್ಬೆರಳಲ್ಲಿ ಒತ್ತುತ್ತಾರೆ. ಅಕ್ಕಿ ಡಬ್ಬ, ಉಪ್ಪಿನ ಭರಣಿ, ನನ್ನ ಸೀರೆಗಳ ಮಡಿಕೆ, ಪಾತ್ರೆ ಅಟ್ಟ, ಎಲ್ಲ ಕಡೆಗೂ ಕೈ ಹೋಗುತ್ತದೆ. ಹುಣಸೆಹಣ್ಣಿನ ಮಡಕೆಗೂ ಕೈ ಹಾಕಿದರು. ಮರದ ಸಾಮಾನು ದಾಟುವಾಗ ಒಮ್ಮೆ ಬೆರಳಲ್ಲಿ ತಟ್ಟಿ, ಕಿವಿ ಕೊಟ್ಟು, ಮುಂದೆ ಹೋಗುತ್ತಾರೆ. ಎಷ್ಟು ಚಂದದ ಕೈ. ಉಗುರಿನಲ್ಲಿ ಈಗ ಮರದ ಹುಡಿ ಇಲ್ಲ, ಅಷ್ಟೇ ವ್ಯತ್ಯಾಸ.

ಒಂದೇ ಒಂದು ಜಾಗಕ್ಕೆ ಕೈ ಹೋಗುವುದಿಲ್ಲ. ನನ್ನ ಹೊಲಿಗೆ ಮೆಷಿನ್ನು.

ಇವತ್ತು ಮಧ್ಯಾಹ್ನ ಅದು ಹೊಳೆದಾಗ ಕೂತಲ್ಲೇ ಕೂತೆ. ಕ್ವಾರ್ಟರ್ಸಿಗೆ ಹೋದ ಮೊದಲ ವಾರ ಇವರು ನನ್ನ ಮೆಷಿನ್ನಿನ ಮೇಜನ್ನು ಸರಿಮಾಡುತ್ತೇನೆ ಎಂದು ಬಿಚ್ಚಿ ಹಾಕಿದ್ದರು. ತವರಿನಿಂದ ತಂದದ್ದು ಅದೊಂದೇ. ನಾನು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಜೋಡಿಸಿಕೊಟ್ಟು, "ಇನ್ನು ನಿನ್ನ ಮೆಷಿನ್ ನಾನು ಮುಟ್ಟಲ್ಲ. ನನ್ನ ಶೆಡ್ಡಿಗೆ ನೀನು ಬರ್ಬೇಡ. ಸೈಯಾ?" ಎಂದರು. ಸೈ ಎಂದೆ.

ಎಲ್ಲ ಮರೆತ ತಲೆ ಆ ಒಂದು ಮಾತನ್ನು ಹಿಡಿದುಕೊಂಡು ಕೂತಿದೆ. ನಾನು ಹೋದ ವಾರವೇ ಮುರಿದೆ.

ಫೆಬ್ರವರಿ ೨೬, ಶಿವರಾತ್ರಿ

ಮುಗಿಯಿತು. ಮೆಷಿನ್ನಿನ ಪಕ್ಕದ ಸಣ್ಣ ಡ್ರಾಯರಿಗೆ ಎರಡು ತಳ. ಹಲಸಿನ ಹಲಗೆ, ಬಿದಿರಿನ ಸೀಳಿನ ಸ್ಪ್ರಿಂಗು. ಹಿಂಬದಿಯ ತೂತಿಗೆ ಸೂಜಿ ತೂರಿಸಿ ಒತ್ತಿದರೆ ಮಾತ್ರ ಮೇಲಿನ ತಳ ಏಳುತ್ತದೆ. ಬಿದಿರನ್ನು ಎಷ್ಟು ತೆಳ್ಳಗೆ ಸೀಳಬೇಕು ಅಂತ ತೋರಿಸಿದ್ದು ಇವರೇ. ಅದು ಎಲ್ಲಿಗೆ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೂರು ಸಲ ಕೆಟ್ಟು ನಾಲ್ಕನೆಯದು ಕೂತಿತು. ಟಕ್ ಅಂತ ಮುಚ್ಚಿದಾಗ ಇಬ್ಬರೂ ಒಟ್ಟಿಗೆ ನಕ್ಕೆವು.

ಸಂಜೆ ದೇವಸ್ಥಾನದಿಂದ ಬಂದಾಗ ಡ್ರಾಯರು ಇನ್ನೂ ಶೆಡ್ಡಿನ ಮೇಜಿನ ಮೇಲೇ ಇತ್ತು. ಇವರು ಅದನ್ನು ಬೆಳಕಿಗೆ ಹಿಡಿದು, ಮೂಲೆಗಳನ್ನು ಸವರಿ ಕೇಳಿದರು, "ಯಾರ ಕೆಲ್ಸ ಇದು?"

"ನಂದು."

"ಕೈ ಚೆನ್ನಾಗಿದೆ. ಕಂಪನಿಗೆ ಅರ್ಜಿ ಹಾಕಿ. ನಾನು ಫೋರ್‌ಮನ್‌ಗೆ ಹೇಳ್ತೀನಿ."

ಡಾಕ್ಟರ ಪುಸ್ತಕದಲ್ಲಿ ನಾಲ್ಕು ದಿನದಿಂದ ಏನೂ ಬರೆದಿಲ್ಲ. ನಾಳೆ ನೆನಪು ಮಾಡಿಕೊಂಡು ತುಂಬಬೇಕು.

ಮಾರ್ಚ್ ೭

ಒಂಬತ್ತು ದಿನವಾಯಿತು, ಕೀ ಸಿಕ್ಕಿಲ್ಲ. ಇವತ್ತು ಮನೆಯೆಲ್ಲ ಹುಡುಕಿ ಕೊನೆಗೆ ಮೆಷಿನ್ನಿನ ಎದುರು ಬಂದು ನಿಂತರು. ನಾನು ಪಕ್ಕದ ಬೀದಿಯ ಗಗನಾಳ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಇವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಶಾಲೆಯ ಮಕ್ಕಳ ಹಾಗೆ.

"ಇದ್ರೊಳಗೆ ಇದ್ಯಾ?"

"ಇಲ್ಲ" ಎಂದೆ.

"ಸರಿ" ಎಂದು ಹೋದರು.

ತೋಳು ಉಲ್ಟಾ ಕೂಡಿಸಿದ್ದೆ. ಬಿಚ್ಚಿ ಮತ್ತೆ ಹೊಲಿದೆ.

ಮಾರ್ಚ್ ೧೬

ಮೂರು ದಿನ ಬರೆಯಲು ಆಗಲಿಲ್ಲ. ಗುರುವಾರ ಮಧ್ಯಾಹ್ನ ಇವರಿಗೆ ಜ್ವರ ಏರಿ ಉಸಿರು ಕಟ್ಟಲು ಶುರುವಾಯಿತು. ತುಟಿ ನೀಲಿಯಾಗಿತ್ತು. ಧರ್ಮೇಶನನ್ನು ಕೂಗಿದೆ. ದೇವೀರಮ್ಮನವರೂ ಓಡಿ ಬಂದು ಇವರ ತಲೆ ತೊಡೆಯ ಮೇಲೆ ಇಟ್ಟುಕೊಂಡರು. ಕಳ್ಳ ಅಂದದ್ದು ಅವರಿಗೆ ಮರೆತಿರಲಾರದು. ಆದರೂ ಬಂದರು.

"ಅಕ್ಕ, ಕೀ! ಪಿಕಪ್ಪಲ್ಲಿ ಒರಗಿಸೋಕೆ ಜಾಗ ಇಲ್ಲ" ಎಂದ ಧರ್ಮೇಶ.

ಯೋಚಿಸುವ ಹೊತ್ತಲ್ಲ. ಡ್ರಾಯರು ಎಳೆದು, ಸೂಜಿ ತೂರಿಸಿ, ತಳ ಎತ್ತಿ ಕೀ ತೆಗೆದೆ. ತಲೆ ಎತ್ತಿದಾಗ ಇವರು ನನ್ನನ್ನೇ ನೋಡುತ್ತಿದ್ದರು.

ಜೀಪಿನ ಹಿಂದಿನ ಸೀಟಿನಲ್ಲಿ ನನ್ನ ಹೆಗಲಿಗೆ ಒರಗಿದ್ದರು. ಕೊಟ್ಟಿಗೆಹಾರ ದಾಟಿದ ಮೇಲೆ ಕಣ್ಣು ಬಿಟ್ಟು, ಒಂದೊಂದೇ ಮಾತನ್ನು ಉಸಿರು ಎಳೆದು ಹೇಳಿದರು.

"ರುದ್ರಾಣಿ. ಅದು ನನ್ನಿಂದ ಬಚ್ಚಿಟ್ಟಿದ್ದಾ?"

ಎಷ್ಟು ತಿಂಗಳ ಮೇಲೆ ನನ್ನ ಹೆಸರು ಹಿಡಿದು ಕರೆದದ್ದು. ಸುಳ್ಳು ಹೇಳಲು ಆಗಲಿಲ್ಲ.

"ಹೌದು. ನಿಮ್ಮಿಂದಲೇ."

ಹೊರಗೆ ಎಲ್ಲಿಯೋ ತೋಟದಲ್ಲಿ ಹೂವು ಅರಳಿತ್ತು, ಕಿಟಕಿಯಿಂದ ಕಾಫಿ ಹೂವಿನ ವಾಸನೆ ಬರುತ್ತಿತ್ತು.

"ಒಳ್ಳೇ ಜಾಗ ಹಿಡ್ದೆ" ಎಂದರು. "ಅಲ್ಲಿಗೆ ನಾನು ಕೈ ಹಾಕ್ತಿರ್ಲಿಲ್ಲ."

ಆಮೇಲೆ ನನ್ನ ಹೆಬ್ಬೆರಳಿನ ಗಾಯದ ಗುರುತನ್ನು ಹಿಡಿದುಕೊಂಡು ಕಣ್ಣು ಮುಚ್ಚಿದರು. ಆಸ್ಪತ್ರೆಯವರೆಗೂ ಬಿಡಲಿಲ್ಲ.

ಎದೆಯಲ್ಲಿ ಕಫ ಕಟ್ಟಿದೆಯಂತೆ. ಸರಿಯಾದ ಹೊತ್ತಿಗೆ ಕರೆತಂದಿರಿ ಎಂದರು ಡಾಕ್ಟರು. ಶಿಲ್ಪಾ ರಜೆ ಹಾಕಿ ಜೊತೆಗಿದ್ದಾಳೆ. ನಾನು ಬಟ್ಟೆಗೆ ಅಂತ ಮನೆಗೆ ಬಂದೆ, ನಾಳೆ ಮತ್ತೆ ಹೋಗುವುದು.

ಏಪ್ರಿಲ್ ೨

ಆಸ್ಪತ್ರೆಯಿಂದ ಬಂದು ಹತ್ತು ದಿನ. ಮೈ ಸುಧಾರಿಸಿದೆ. ಆದರೆ ಜ್ವರ ಹೋಗುವಾಗ ಇನ್ನೂ ಏನೋ ಜೊತೆಗೆ ತೆಗೆದುಕೊಂಡು ಹೋಗಿದೆ.

ಕೀ ಹುಡುಕುವುದಿಲ್ಲ. ಮೇಜಿನ ಅಂಚು ಒತ್ತುವುದಿಲ್ಲ. ನಿನ್ನೆ ನಾನೇ ಕೀಯನ್ನು ಎದುರಿನ ಮೊಳೆಗೆ ನೇತುಹಾಕಿ ನೋಡಿದೆ. ಅದರ ಕೆಳಗೇ ಕೂತು ಕಾಫಿ ಕುಡಿದು ಎದ್ದು ಹೋದರು. ಎರಡು ತಿಂಗಳು ಇದನ್ನೇ ಬೇಡಿಕೊಂಡಿದ್ದೆ. ಈಗ ಮನೆಯಲ್ಲಿ ಯಾರೂ ಏನನ್ನೂ ತಟ್ಟುವ ಸದ್ದಿಲ್ಲ. ನಾನೇ ಒಂದು ಸಲ ಬೀರನ್ನು ತಟ್ಟಿದೆ, ಸುಮ್ಮನೆ.

ಮಧ್ಯಾಹ್ನ ವಸ್ತಾರೆಯಿಂದ ಸಾವಿತ್ರಮ್ಮನವರು ಬಂದಿದ್ದರು. ಹದಿನೈದು ವರ್ಷದ ಹಿಂದೆ ಇವರು ಅವರ ತೋಟದ ಮನೆಗೆ ದೊಡ್ಡ ಬೀರು ಮಾಡಿಕೊಟ್ಟಿದ್ದರು. ಇವರಿಗೆ ಗುರುತು ಸಿಗಲಿಲ್ಲ. ಸಾವಿತ್ರಮ್ಮ ಕಣ್ಣು ಒರೆಸಿಕೊಂಡು, "ಮೊಮ್ಮಗಳಿಗೆ ಒಂದು ಬರೆಯೋ ಮೇಜು ಬೇಕಿತ್ತು. ಅವಳಿಗೂ ಒಂದು ಗುಟ್ಟಿನ ಜಾಗ ಬೇಕಂತೆ. ಇರ್ಲಿ ಬಿಡಿ, ಇನ್ನು ಯಾರು ಮಾಡ್ತಾರೆ" ಎಂದರು.

"ಎಷ್ಟು ಎತ್ತರ ಇದ್ದಾಳೆ?" ಎಂದು ಕೇಳಿದೆ.

ಅವರು ಹೋದ ಮೇಲೆ ಧರ್ಮೇಶನಿಗೆ ಸಿಲ್ವರ್ ಓಕ್ ಹಲಗೆ ತರಲು ಹೇಳಿದೆ. ಹೊಸ ಉಳಿಯೊಂದು ಬೇಕು. ಇವರದು ನನ್ನ ಅಂಗೈಗೆ ದಪ್ಪ.

ಏಪ್ರಿಲ್ ೧೭, ಗುರುವಾರ

ಮೇಜಿನ ಕಾಲು ನಾಲ್ಕೂ ಕೂತವು. ಒಂದು ಚೂರೂ ಅಲ್ಲಾಡುವುದಿಲ್ಲ. ಖಾನೆ ಎಲ್ಲಿ ಅಂತ ಇಲ್ಲಿಯೂ ಬರೆಯುವುದಿಲ್ಲ, ಅದು ಆ ಹುಡುಗಿಯದು.

ಇವರು ಬೆಳಗ್ಗೆಯಿಂದ ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಮರದ ಹೊಟ್ಟನ್ನು ಬೊಗಸೆಯಲ್ಲಿ ಎತ್ತಿ ಮೂಸುತ್ತಿದ್ದರು. ಯಾವಾಗ ಎದ್ದು ಹೋದರೋ ಗೊತ್ತಾಗಲಿಲ್ಲ. ಕೊನೆಯ ಮೂಲೆ ಉಜ್ಜುತ್ತಿದ್ದೆ, ಎರಡು ಗಂಟೆ ದಾಟಿದೆ ಅಂತಲೂ ತಿಳಿಯಲಿಲ್ಲ.

ತಲೆ ಎತ್ತಿದರೆ ತಟ್ಟೆ ಹಿಡಿದು ನಿಂತಿದ್ದರು. ಅನ್ನಕ್ಕೆ ಮಜ್ಜಿಗೆ ಹಾಕಿ ಕಲಸಿಕೊಂಡು ಬಂದಿದ್ದರು. ಅರ್ಧ ಮಜ್ಜಿಗೆ ಅಂಗಿಯ ಮೇಲೆ ಚೆಲ್ಲಿತ್ತು.

"ಮೇಸ್ತ್ರೀ, ಕೆಲ್ಸ ಎಲ್ಲಿಗೂ ಓಡಿ ಹೋಗಲ್ಲ" ಎಂದರು. "ಮೊದ್ಲು ಊಟ ಮಾಡಿ. ಮನೇಲಿ ನಿಮ್ಮೋರು ಕಾಯ್ತಿರ್ತಾರೆ."

"ಬಂದೆ" ಎಂದು ಕೈ ಒರೆಸಿಕೊಂಡು ಅವರ ಪಕ್ಕ ಹೊಸಿಲ ಮೇಲೆ ಕೂತೆ.

ಉಪ್ಪಿನ ಬದಲು ಸಕ್ಕರೆ ಹಾಕಿದ್ದರು. ಒಂದು ಅಗುಳೂ ಬಿಡದೆ ಉಂಡೆ.